ಯುಟಿಲಿಟಿ: ಮನೆಯಲ್ಲಿ ಒಗೆತದ ಜಾಗದ ಆಯ್ಕೆ

ಯುಟಿಲಿಟಿ ಎಂಬುದು ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಕಸ ಬೇರ್ಪಡಿಸುವುದು ಮುಂತಾದ ಒದ್ದೆ ಕೆಲಸಗಳಿಗೆ ಮನೆಯಲ್ಲಿ ಬಿಟ್ಟ ಜಾಗ. ಕರ್ನಾಟಕದ ನಗರಗಳಲ್ಲಿ ಇದು ಸಾಮಾನ್ಯವಾಗಿ ಅಡುಗೆಮನೆಗೆ ಅಂಟಿಕೊಂಡ, ನಾಲ್ಕೈದು ಅಡಿ ಅಗಲದ ಕಿರುಕೋಣೆ ಅಥವಾ ಗ್ರಿಲ್ ಹಾಕಿದ ಬಾಲ್ಕನಿಯಾಗಿರುತ್ತದೆ. ವಾಷಿಂಗ್ ಮೆಷಿನ್, ಸಿಂಕು, ಪೊರಕೆ, ಬಕೆಟ್ಟು, ಹಸಿಕಸ-ಒಣಕಸದ ಬುಟ್ಟಿಗಳು, ಎಷ್ಟೋ ಮನೆಗಳಲ್ಲಿ ಗ್ಯಾಸ್ ಸಿಲಿಂಡರು ಕೂಡ ಇಲ್ಲಿಯೇ ಇರುತ್ತವೆ. ಇದೇ ಜಾಗಕ್ಕೆ ಮುಂಬಯಿ, ಪುಣೆಗಳಲ್ಲಿ ಡ್ರೈ ಬಾಲ್ಕನಿ, ಗುಜರಾತಿನಲ್ಲಿ ಚೋಕ್ಡಿ, ಕೇರಳದಲ್ಲಿ ವರ್ಕ್ ಏರಿಯಾ ಎಂಬ ಹೆಸರುಗಳಿವೆ.

ಈ ಜಾಗ ಮನೆಯಲ್ಲಿ ಎಲ್ಲಿರಬೇಕು ಎಂಬುದನ್ನು ನಾಲ್ಕು ಸಂಗತಿಗಳು ತೀರ್ಮಾನಿಸುತ್ತವೆ: ನೀರು ಬರುವ ದಾರಿ, ಕೊಳೆನೀರು ಹೋಗುವ ದಾರಿ, ಬಟ್ಟೆ ಸಾಗುವ ದಾರಿ, ಬಟ್ಟೆ ಒಣಗುವ ಜಾಗ. ಮೊದಲ ಎರಡನ್ನು ಪೈಪು ಎಳೆದು ಸರಿದೂಗಿಸಿಕೊಳ್ಳಬಹುದು. ಬಿಸಿಲು, ಗಾಳಿಯನ್ನು ಹಾಗೆ ಎಳೆದು ತರಲಾಗದು. ಬಟ್ಟೆಯನ್ನು ಬಿಸಿಲಿನಲ್ಲೇ ಒಣಗಿಸುವ ರೂಢಿಯಿರುವ ಕಡೆ ಒಣಹಾಕುವ ಜಾಗವನ್ನು ಮೊದಲು ಗೊತ್ತುಮಾಡಿ, ಒಗೆಯುವ ಜಾಗವನ್ನು ಅದರ ಮಗ್ಗುಲಿಗೆ ತರುವುದೇ ಸರಿಯಾದ ಕ್ರಮ.

ಹಿನ್ನೆಲೆ

ಹಳೆಯ ಮನೆಗಳಲ್ಲಿ ಈ ಕೆಲಸಗಳಿಗೆಲ್ಲ ಒಂದೇ ಕೋಣೆ ಇರಲಿಲ್ಲ. ಅವು ಹಿತ್ತಿಲಲ್ಲಿ ಹರಡಿಕೊಂಡಿದ್ದವು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಬಚ್ಚಲುಮನೆ ಹಿಂಬದಿಯಲ್ಲಿದ್ದು, ಒಲೆಯ ಮೇಲೆ ಕೂರಿಸಿದ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಬಾವಿಕಟ್ಟೆಯ ಪಕ್ಕದಲ್ಲಿ ಓರೆಯಾಗಿ ಹಾಸಿದ ಒಗೆಯುವ ಕಲ್ಲು ಇರುತ್ತಿತ್ತು. ಸೇದಿದ ನೀರು ಹತ್ತು ಹೆಜ್ಜೆಯೊಳಗೆ ಕಲ್ಲಿಗೆ ಬಂದು, ಅಲ್ಲಿಂದ ಬಾಳೆ, ಕೆಸುವಿನ ಬುಡಕ್ಕೆ ಹರಿಯುತ್ತಿತ್ತು. ಹಿಂಡಿದ ಬಟ್ಟೆ ಅಲ್ಲೇ ಕಟ್ಟಿದ ತಂತಿ ಅಥವಾ ಬೇಲಿಯ ಮೇಲೆ ಒಣಗುತ್ತಿತ್ತು. ಮಡಿಬಟ್ಟೆಯನ್ನು ಮಾತ್ರ ಒಳಗೆ, ಯಾರ ಕೈಗೂ ತಾಗದಂತೆ ಎತ್ತರದಲ್ಲಿ ಕಟ್ಟಿದ ಬಿದಿರಿನ ಗಳದ ಮೇಲೆ ಕೋಲಿನಿಂದ ಹರವುತ್ತಿದ್ದರು. ಮಳೆಗಾಲದಲ್ಲಿ ಬಚ್ಚಲೊಲೆಯ ಕಾವು ಬಟ್ಟೆ ಒಣಗಿಸಲು ನೆರವಾಗುತ್ತಿತ್ತು. ಬಯಲುಸೀಮೆಯಲ್ಲಿ ಬಟ್ಟೆಯ ಗಂಟು ಹೊಳೆ, ಕೆರೆ, ಕಾಲುವೆಗಳಿಗೆ ಹೋಗುತ್ತಿತ್ತು. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಮಟ್ಟಸವಾದ ಮೇಲ್ಛಾವಣಿಯೇ ಒಣಹಾಕುವ ಕಣ.

ನಗರದ ವಠಾರಗಳಲ್ಲಿ ಹತ್ತಾರು ಸಂಸಾರಗಳಿಗೆ ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು ಇದ್ದು, ಬಳಕೆ ಸರದಿಯ ಮೇಲೆ ನಡೆಯುತ್ತಿತ್ತು. ಪ್ರತಿ ಮನೆಗೂ ನಲ್ಲಿ ಬಂದ ಮೇಲೆ ಕಲ್ಲು ಮನೆಯ ಹಿಂದಿನ ಓಣಿಗೆ ಬಂತು. 1980 ಮತ್ತು 90ರ ದಶಕಗಳಲ್ಲಿ ಮಧ್ಯಮವರ್ಗದ ಮನೆಗಳಿಗೆ ವಾಷಿಂಗ್ ಮೆಷಿನ್ ಕಾಲಿಟ್ಟಾಗ ಅದಕ್ಕೆಂದು ಮೀಸಲಾದ ಜಾಗ ಇರಲಿಲ್ಲ. ಅದು ಬಚ್ಚಲಿನಲ್ಲೋ ಅಡುಗೆಮನೆಯ ಮೂಲೆಯಲ್ಲೋ ನಿಂತಿತು. ಅಪಾರ್ಟ್‌ಮೆಂಟುಗಳು ಹೆಚ್ಚಿದ ಮೇಲೆ ಹಿತ್ತಿಲಿನ ಕೆಲಸಗಳೆಲ್ಲ ಒಟ್ಟುಗೂಡಿ, ಅಡುಗೆಮನೆಯ ಹಿಂಬಾಗಿಲಿನಾಚೆಯ ಕಿರುಬಾಲ್ಕನಿಯೊಳಗೆ ಸೇರಿಕೊಂಡವು. ಇಂದಿನ ಯುಟಿಲಿಟಿ ಹೀಗೆ ರೂಪುಗೊಂಡಿತು.

ಇತರ ದೇಶಗಳ ರೂಢಿ

ಒಗೆತದ ಜಾಗ ಆಯಾ ನಾಡಿನ ಹವೆ ಮತ್ತು ಮನೆಯ ರಚನೆಯನ್ನು ಅನುಸರಿಸಿದೆ. ಅಮೆರಿಕದಲ್ಲಿ 1937ರಲ್ಲಿ ಬೆಂಡಿಕ್ಸ್ ಕಂಪನಿ ಮನೆಬಳಕೆಯ ಸ್ವಯಂಚಾಲಿತ ಯಂತ್ರವನ್ನು ಹೊರತಂದಿತು. ಅಲ್ಲಿ ಬಹುಕಾಲ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿರುತ್ತಿತ್ತು. ವಿದ್ಯುತ್ ಅಥವಾ ಅನಿಲದ ಡ್ರೈಯರ್ ಬಳಕೆಗೆ ಬಂದು ಬಿಸಿಲಿನ ಹಂಗು ತಪ್ಪಿದ ಮೇಲೆ ಅದು ಮೇಲೇರಿ ಮಲಗುವ ಕೋಣೆಗಳ ಪಕ್ಕಕ್ಕೆ ಬರತೊಡಗಿತು. ಬ್ರಿಟನ್ನಿನ ಸಣ್ಣ ಮನೆಗಳಲ್ಲಿ ಯಂತ್ರ ಅಡುಗೆಮನೆಯ ಕಟ್ಟೆಯಡಿಯಲ್ಲೇ ಇರುತ್ತದೆ. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡಿನ ವಸತಿ ಸಮುಚ್ಚಯಗಳಲ್ಲಿ ಎಲ್ಲರಿಗೂ ಸೇರಿದ ಒಗೆತದ ಕೋಣೆಯನ್ನು ಸರದಿ ಗೊತ್ತುಮಾಡಿಕೊಂಡು ಬಳಸುವ ಪದ್ಧತಿಯಿದೆ. ಜಪಾನಿನಲ್ಲಿ ಯಂತ್ರ ಸ್ನಾನದ ಕೋಣೆಯ ಮುಂದಿನ ಬಟ್ಟೆ ಬದಲಿಸುವ ಜಾಗದಲ್ಲಿರುತ್ತದೆ. ತೊಟ್ಟಿಯಲ್ಲಿ ಉಳಿದ ಬೆಚ್ಚಗಿನ ನೀರನ್ನು ಒಗೆಯಲು ಎಳೆದುಕೊಳ್ಳುವ ಪಂಪು ಅಲ್ಲಿನ ಹಲವು ಯಂತ್ರಗಳಲ್ಲಿದೆ. ಸಿಂಗಪುರದ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಅಡುಗೆಮನೆಯ ಕಿಟಕಿಯಾಚೆ ಬಿದಿರಿನ ಗಳ ಸಿಕ್ಕಿಸುವ ಕೊಳವೆಗಳನ್ನು ಗೋಡೆಗೇ ಕೂರಿಸುತ್ತಿದ್ದರು.

ಬಟ್ಟೆ ಸಾಗುವ ದಾರಿ

ಮನೆಯಲ್ಲಿ ಬಟ್ಟೆ ಕೊಳೆಯಾಗುವುದು ಮಲಗುವ ಕೋಣೆ ಮತ್ತು ಬಚ್ಚಲಿನಲ್ಲಿ. ಒಗೆದು, ಒಣಗಿ, ಇಸ್ತ್ರಿಯಾಗಿ ಅದು ಮರಳಿ ಸೇರುವುದೂ ಮಲಗುವ ಕೋಣೆಯ ಬೀರುವಿಗೆ. ಈ ಸುತ್ತಿನಲ್ಲಿ ಹೊರೆ ಎಲ್ಲೆಡೆ ಒಂದೇ ಆಗಿರುವುದಿಲ್ಲ. 7 ಕಿಲೋ ಒಣಬಟ್ಟೆಯನ್ನು ಯಂತ್ರಕ್ಕೆ ಹಾಕಿ, ನಿಮಿಷಕ್ಕೆ 1000 ಸುತ್ತಿನ ವೇಗದಲ್ಲಿ ಹಿಂಡಿಸಿದರೂ ಬಟ್ಟೆಯ ಒಣತೂಕದ ಸುಮಾರು ನೂರಕ್ಕೆ ಅರವತ್ತರಷ್ಟು ನೀರು ಅದರಲ್ಲಿ ಉಳಿದಿರುತ್ತದೆ. ಹಾಕಿದ್ದು 7 ಕಿಲೋ, ತೆಗೆದದ್ದು 11 ಕಿಲೋ. ಕೈಯಲ್ಲಿ ಹಿಂಡಿದ್ದಾದರೆ ತೂಕ ಇನ್ನೂ ಹೆಚ್ಚು.

ನೆಲ ಅಂತಸ್ತಿನಲ್ಲಿ ಒಗೆದು ಎರಡನೇ ಅಂತಸ್ತಿನ ಮೇಲಿನ ತಾರಸಿಯಲ್ಲಿ ಒಣಹಾಕುವ ಮನೆಯಲ್ಲಿ ಈ ಬಕೆಟ್ಟು ಮೂರು ಅಂತಸ್ತು ಏರಬೇಕು. ಅಂತಸ್ತಿಗೆ ಹತ್ತು ಅಡಿ, ಮೆಟ್ಟಿಲಿಗೆ ಆರು ಅಂಗುಲ ಎಂದು ಲೆಕ್ಕ ಹಿಡಿದರೆ ಅರವತ್ತು ಮೆಟ್ಟಿಲು. ಅದೇ ಯಂತ್ರ ಮೇಲಿನ ಅಂತಸ್ತಿನಲ್ಲಿದ್ದರೆ ಕೆಳಗಿನ ಕೋಣೆಗಳ ಬಟ್ಟೆ ಒದ್ದೆಯಾಗುವ ಮೊದಲೇ, ಹಗುರವಾಗಿರುವಾಗಲೇ ಮೇಲೇರುತ್ತದೆ. ಒದ್ದೆ ಹೊರೆಗೆ ಇಪ್ಪತ್ತೇ ಮೆಟ್ಟಿಲು ಉಳಿಯುತ್ತದೆ. ಒಗೆಯುವ ಜಾಗದಿಂದ ಒಣಹಾಕುವ ಜಾಗಕ್ಕೆ ಇರುವ ದೂರ ಇತರ ಎಲ್ಲ ದೂರಗಳಿಗಿಂತ ಕಡಿಮೆಯಿರಬೇಕು ಎಂಬ ನಿಯಮಕ್ಕೆ ಇದೇ ಆಧಾರ. ಮುಪ್ಪಿನವರು, ಮಂಡಿನೋವಿನವರು ಇರುವ ಮನೆಗಳಲ್ಲಿ ಒಗೆಯುವುದು ಮತ್ತು ಒಣಹಾಕುವುದು ಒಂದೇ ಮಟ್ಟದಲ್ಲಿರುವುದು ಲೇಸು.

ಬಿಸಿಲು, ಗಾಳಿ, ಮಳೆ

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುಭಾಗದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ವರ್ಷದ ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಉತ್ತರದ ಗೋಡೆಗೆ ಬಿಸಿಲು ತಾಗುವ ಕಾಲದ ಹೆಚ್ಚು ಪಾಲು ಮೋಡದಲ್ಲೇ ಕಳೆಯುತ್ತದೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ಬಟ್ಟೆ ಬೇಗ ಒಣಗಬೇಕಾದರೆ ದಕ್ಷಿಣ ಅಥವಾ ಪೂರ್ವಕ್ಕೆ ತೆರೆದ ಯುಟಿಲಿಟಿ ಅನುಕೂಲ. ಪಶ್ಚಿಮಕ್ಕೆ ತೆರೆದದ್ದರಲ್ಲಿ ಇಳಿಬಿಸಿಲು ಚೆನ್ನಾಗಿ ಬಿದ್ದರೂ ಮುಂಗಾರಿನ ಗಾಳಿ ಪಶ್ಚಿಮ, ನೈರುತ್ಯದಿಂದ ಬೀಸುವುದರಿಂದ ಎರಚಲು ನೇರವಾಗಿ ಒಳಗೆ ಹೊಡೆಯುತ್ತದೆ. ಆ ದಿಕ್ಕಿಗಾದರೆ ಅಗಲವಾದ ಸಜ್ಜಾ ಅಥವಾ ತೆರೆದು ಮುಚ್ಚಬಲ್ಲ ಲೂವರ್ ಬೇಕು.

ಬಿಸಿಲಿಗಿಂತಲೂ ಮುಖ್ಯವಾದದ್ದು ಗಾಳಿಯ ಓಡಾಟ. ಮೇಲಿನ ಲೆಕ್ಕದ ಒಂದು ಹೊರೆ ಬಟ್ಟೆ ಒಣಗುವಾಗ ನಾಲ್ಕು ಲೀಟರಿಗೂ ಹೆಚ್ಚು ನೀರು ಆವಿಯಾಗುತ್ತದೆ. ಎದುರುಬದುರಾಗಿ ಎರಡು ತೆರಪುಗಳಿಲ್ಲದ ಕೋಣೆಯಲ್ಲಿ ಈ ತೇವ ಗೋಡೆ, ಚಾವಣಿಗಳನ್ನು ಹಿಡಿದು ಬೂಷ್ಟು ಬರಿಸುತ್ತದೆ. ಬಟ್ಟೆಗೆ ಮುಗ್ಗುವಾಸನೆ ಬರುತ್ತದೆ. ಯುಟಿಲಿಟಿಯನ್ನು ಗಾಜಿನಿಂದ ಪೂರ್ತಿ ಮುಚ್ಚಿಸಿಕೊಂಡ ಫ್ಲ್ಯಾಟುಗಳಲ್ಲಿ ಇದು ಪದೇ ಪದೇ ಕಾಣುವ ತೊಂದರೆ.

ಒಣಹಾಕುವ ಉದ್ದವನ್ನೂ ಎಣಿಸಬೇಕು. ಐದೂವರೆ ಮೀಟರಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹರವಿದರೆ ಸುಮಾರು 1.4 ಮೀಟರ್ ತಂತಿ ಬೇಕು. ಐದಡಿ ಯುಟಿಲಿಟಿಯ ಅಡ್ಡಗಲಕ್ಕೆ ಕಟ್ಟಿದ ಒಂದು ತಂತಿಗೆ ಒಂದೇ ಸೀರೆ. ರಾಟೆಹಗ್ಗದಿಂದ ಚಾವಣಿಗೆ ಏರಿಸುವ ಕೋಲುಗಳು ನೆಲದ ಜಾಗ ತಿನ್ನುವುದಿಲ್ಲವಾದರೂ ಬೆಡ್‌ಶೀಟು, ಸೀರೆ, ಪಂಚೆಗಳು ಒಟ್ಟಿಗೆ ಬಂದ ದಿನ ತಾರಸಿಯೇ ಗತಿ.

ಕರ್ನಾಟಕದೊಳಗೇ ಈ ಲೆಕ್ಕ ಬದಲಾಗುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಆಗುಂಬೆಯಂತಹ ಕಡೆ ಹೆಂಚಿನದೋ ಪಾರದರ್ಶಕ ಶೀಟಿನದೋ ಮಾಡಿರುವ, ಬದಿಗಳು ತೆರೆದ ಒಣಹಾಕುವ ಚಪ್ಪರ ಅನಿವಾರ್ಯ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಒಗೆಯುವವರಿಗೇ ನೆರಳು ಬೇಕು. ಅಲ್ಲಿ ಪಶ್ಚಿಮದ ಬದಿಯನ್ನು ಬಿಟ್ಟು ಯುಟಿಲಿಟಿಯನ್ನು ನೆರಳಿನ ಬದಿಗೆ ತಂದರೂ ಬಟ್ಟೆ ಒಣಗಲು ಅಡ್ಡಿಯಿಲ್ಲ.

ನೀರಿನ ಒತ್ತಡ

ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡ ಎತ್ತರವನ್ನು ಅವಲಂಬಿಸಿದೆ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಹಲವು ಫ್ರಂಟ್‌ಲೋಡ್ ಯಂತ್ರಗಳು ಕನಿಷ್ಠ 0.3 ಬಾರ್, ಅಂದರೆ ನಲ್ಲಿಯಿಂದ ಟ್ಯಾಂಕಿಗೆ ಮೂರು ಮೀಟರ್ ಎತ್ತರ ಕೇಳುತ್ತವೆ. ಕೊನೆಯ ಅಂತಸ್ತಿನಲ್ಲಿ ಇದು ಅಷ್ಟಕ್ಕಷ್ಟೆ. ತಾರಸಿಯ ಮೇಲೆ, ಟ್ಯಾಂಕಿನ ಪಕ್ಕದಲ್ಲೇ ಇಟ್ಟ ಯಂತ್ರಕ್ಕೆ ನೀರು ಅತಿ ಹತ್ತಿರದಲ್ಲಿದ್ದೂ ಒತ್ತಡ ಸಾಲುವುದಿಲ್ಲ. ಎರಡು ಮೀಟರ್ ಎತ್ತರದ ಕಟ್ಟೆಯ ಮೇಲೆ ಟ್ಯಾಂಕಿದ್ದು, ನೆಲದಿಂದ ಒಂದು ಮೀಟರಿಗೆ ನಲ್ಲಿಯಿದ್ದರೆ ಸಿಗುವುದು 0.1 ಬಾರ್ ಮಾತ್ರ. ನೀರು ತುಂಬದೆ ಯಂತ್ರ ದೋಷದ ಸಂಕೇತ ತೋರಿಸಿ ನಿಲ್ಲುತ್ತದೆ. ಟ್ಯಾಂಕನ್ನು ಎತ್ತರಿಸುವುದು ಅಥವಾ ಒತ್ತಡದ ಪಂಪು ಹಾಕುವುದು ಇದಕ್ಕೆ ಪರಿಹಾರ. ಕಡಿಮೆ ಒತ್ತಡದಲ್ಲೂ ನಡೆಯುವ ಯಂತ್ರಗಳು ಮತ್ತೊಂದು ದಾರಿ.

ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ನೊರೆ ಕಟ್ಟುವುದಿಲ್ಲ, ಯಂತ್ರದ ಹೀಟರಿನ ಮೇಲೆ ಸುಣ್ಣದ ಪೊರೆ ಕೂರುತ್ತದೆ. ನಲ್ಲಿಗೆ ಬರುವ ಕಾವೇರಿಯ ಮೆದುನೀರು ಮತ್ತು ಬೋರ್‌ವೆಲ್ ನೀರಿಗೆ ಬೇರೆ ಬೇರೆ ಟ್ಯಾಂಕುಗಳಿರುವ ಮನೆಗಳಲ್ಲಿ ಯುಟಿಲಿಟಿಗೆ ಎರಡೂ ಲೈನು ಎಳೆಸಿ, ಯಂತ್ರಕ್ಕೆ ಮೆದುನೀರು, ನೆಲ ತೊಳೆಯಲು ಗಡಸು ನೀರು ಎಂದು ಹಂಚಿಕೊಳ್ಳಬಹುದು.

ಕೊಳೆನೀರಿನ ದಾರಿ

ಫ್ರಂಟ್‌ಲೋಡ್ ಯಂತ್ರ ಒಂದು ಸಲಕ್ಕೆ ಸುಮಾರು 50ರಿಂದ 70 ಲೀಟರ್ ನೀರು ಹೊರಬಿಡುತ್ತದೆ. ಟಾಪ್‌ಲೋಡ್ ಅದಕ್ಕಿಂತ ಹೆಚ್ಚು. ಈ ನೀರು ಹಲವು ಕಂತುಗಳಲ್ಲಿ, ಪ್ರತಿ ಸಲವೂ ಒಂದೆರಡು ನಿಮಿಷಗಳ ರಭಸದಲ್ಲಿ ಬರುತ್ತದೆ. ಯುಟಿಲಿಟಿಯ ನೆಲ ಅಡುಗೆಮನೆಯ ನೆಲಕ್ಕಿಂತ ಒಂದೆರಡು ಅಂಗುಲ ತಗ್ಗಿನಲ್ಲಿದ್ದು, ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪಿನ ಕಡೆಗೆ ಇಳಿಜಾರಾಗಿರಬೇಕು. ಟ್ರ್ಯಾಪಿನಲ್ಲಿ ನಿಂತ ನೀರೇ ಚರಂಡಿಯ ವಾಸನೆ, ಜಿರಳೆಗಳಿಗೆ ತಡೆ. ಯಂತ್ರದ ನೀರು ನೇರ ಕೊಳವೆಗೆ ಹೋಗಿ ನೆಲದ ಟ್ರ್ಯಾಪು ವಾರಗಟ್ಟಲೆ ಒಣಗಿದರೆ ಆ ತಡೆ ಮಾಯವಾಗುತ್ತದೆ.

ಬಹುಮಹಡಿ ಕಟ್ಟಡಗಳಲ್ಲಿ ನೊರೆಯದೇ ಒಂದು ಕಥೆ. ಮೇಲಿನ ಮನೆಗಳ ಸೋಪಿನ ನೀರು ಕೊಳವೆಯಲ್ಲಿ ರಭಸವಾಗಿ ಇಳಿದು, ಬುಡದಲ್ಲಿ ಕೊಳವೆ ಅಡ್ಡ ತಿರುಗುವೆಡೆ ನೊರೆಯಾಗಿ ಕಟ್ಟಿಕೊಳ್ಳುತ್ತದೆ. ಮೇಲಿನಿಂದ ಬರುವ ನೀರಿನ ಒತ್ತಡಕ್ಕೆ ಆ ನೊರೆ ದಾರಿ ಹುಡುಕಿಕೊಂಡು ಕೆಳಗಿನ ಒಂದೆರಡು ಅಂತಸ್ತುಗಳ ಟ್ರ್ಯಾಪಿನಿಂದ ಉಕ್ಕುತ್ತದೆ. ಕೆಳ ಅಂತಸ್ತುಗಳ ಯುಟಿಲಿಟಿಗೆ ಬೇರೆಯೇ ಕೊಳವೆ ಕೊಡುವುದರಿಂದ ಇದು ತಪ್ಪುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದಿಲ್ಲ. ಬಾಲ್ಕನಿ ಎಂದು ಕಟ್ಟಿದ್ದನ್ನು ಆಮೇಲೆ ಯುಟಿಲಿಟಿ ಮಾಡಿಕೊಂಡಾಗ ಅಲ್ಲಿನ ನೀರು ಮಳೆನೀರಿನ ಕೊಳವೆಗೆ ಸೇರುತ್ತಿರಬಹುದು. ಮಳೆನೀರಿನ ದಾರಿ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಸೋಪಿನ ನೀರಿಗೆ ಒಳಚರಂಡಿಯೇ ಸರಿಯಾದ ದಾರಿ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆಗೆ ಸಂಸ್ಕರಿಸದ ಕೊಳಚೆಯೊಂದಿಗೆ ಬಂದ ಡಿಟರ್ಜೆಂಟಿನ ಅಂಶವೂ ಕಾರಣ. ತೋಟವಿರುವ ಮನೆಯಲ್ಲಿ ಕೊನೆಯ ಜಾಲಿಸುವ ನೀರನ್ನು ಬೇರೆ ಹಿಡಿದು ಬಾಳೆ, ತೆಂಗಿಗೆ ಬಿಡಬಹುದು.

ವಿದ್ಯುತ್ತು ಮತ್ತು ಅನಿಲ

ನೀರು ಕಾಯಿಸುವ ಯಂತ್ರದ ಹೀಟರು ಸುಮಾರು 2000 ವಾಟಿನದು. 230 ವೋಲ್ಟಿನಲ್ಲಿ ಅದು ಎಂಟೂವರೆ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. 6 ಆಂಪಿಯರಿನ ಸಾಕೆಟ್ಟು ಇದಕ್ಕೆ ಸಾಲದು. ಭೂಸಂಪರ್ಕವಿರುವ 16 ಆಂಪಿಯರಿನ ಸಾಕೆಟ್ಟು, 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳಿಸುವ ಸುರಕ್ಷಾ ಸಾಧನ ಅಗತ್ಯ. ಸಾಕೆಟ್ಟು ನೀರು ಸಿಡಿಯದ ಎತ್ತರದಲ್ಲಿ, ಎರಚಲು ತಾಗದ ಗೋಡೆಯಲ್ಲಿರಬೇಕು.

ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಯುಟಿಲಿಟಿಯಲ್ಲಿ 14.2 ಕಿಲೋ ಸಿಲಿಂಡರು ಇಡುವುದಾದರೆ ನೆಲಕ್ಕೆ ಹತ್ತಿರದಲ್ಲೇ ಹೊರಗಾಳಿಗೆ ತೆರಪಿರಬೇಕು. ಯಂತ್ರದ ಪ್ಲಗ್ಗು, ಸ್ವಿಚ್ಚುಗಳಿಂದ ಸಿಲಿಂಡರನ್ನು ದೂರವಿಡಬೇಕು. ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲಿನೊಳಗೆ ಹಾಕಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವಕ್ಕೇ ಕುತ್ತು. ಅದಕ್ಕೆ ಗಾಳಿಯಾಡುವ ಯುಟಿಲಿಟಿ ತಕ್ಕ ಜಾಗ. ಆದರೆ ಗಾಜು ಹಾಕಿಸಿ ಮುಚ್ಚಿದ ಯುಟಿಲಿಟಿಯೂ ಬಚ್ಚಲಿನಷ್ಟೇ ಅಪಾಯಕಾರಿ.

ಬಳಕೆಯಲ್ಲಿರುವ ನೆಲೆಗಳು

ಅಡುಗೆಮನೆಯ ಪಕ್ಕ: ಅತಿ ಹೆಚ್ಚು ರೂಢಿಯಲ್ಲಿರುವುದು ಇದು. ನೀರಿನ ಲೈನು, ಚರಂಡಿ ಎರಡೂ ಹತ್ತಿರ. ಅಡುಗೆ ಮಾಡುತ್ತಲೇ ಯಂತ್ರ ನೋಡಿಕೊಳ್ಳಬಹುದು. ಮುಸುರೆ ಪಾತ್ರೆ ಅಡುಗೆಕಟ್ಟೆಯಿಂದ ದೂರ ಉಳಿಯುತ್ತದೆ. ಹಿಂಬಾಗಿಲಿದ್ದರೆ ಮನೆಕೆಲಸದವರು, ಕಸ ಒಯ್ಯುವವರು ನಡುಮನೆ ಹಾಯದೆ ಬಂದುಹೋಗಬಹುದು. ಕೊರತೆಯೆಂದರೆ ಅಡುಗೆಮನೆಯ ಒಗ್ಗರಣೆ ಹೊಗೆ ಒಣಹಾಕಿದ ಬಟ್ಟೆಗೆ ಹಿಡಿಯುವುದು, ಅಡುಗೆಮನೆಯ ಏಕೈಕ ಕಿಟಕಿ ಯುಟಿಲಿಟಿಗೇ ತೆರೆದಾಗ ಬೆಳಕು ಕುಂದುವುದು. ಹಾಗಾಗಿ ಅಡುಗೆಮನೆಗೆ ಹೊರಗೋಡೆಯಲ್ಲಿ ಬೇರೊಂದು ಕಿಟಕಿ ಉಳಿಸಿಕೊಳ್ಳಬೇಕು.

ಹಿಂದಿನ ಓಣಿ: 30×40 ಅಡಿಯ ನಿವೇಶನಗಳಲ್ಲಿ ಮನೆಯ ಸುತ್ತ ಬಿಟ್ಟ ಸೆಟ್‌ಬ್ಯಾಕಿನಲ್ಲಿ ಕಲ್ಲು, ನಲ್ಲಿ ಇರುತ್ತವೆ. ತೆರೆದ ಜಾಗವಾಗಿ ಬಳಸಲು ಇದು ಅನುಕೂಲ. ಅದಕ್ಕೆ ಶೀಟು ಹೊದಿಸಿ ಕೋಣೆ ಮಾಡಿದರೆ ಕಟ್ಟಡ ನಿಯಮದ ಉಲ್ಲಂಘನೆಯಾಗುತ್ತದೆ. ಒಳಕೋಣೆಗಳ ಗಾಳಿ, ಬೆಳಕೂ ಕಟ್ಟಿಹೋಗುತ್ತದೆ.

ಬಚ್ಚಲುಮನೆ: ಜಾಗ ಕಡಿಮೆಯಿರುವಲ್ಲಿ ಇದೇ ಆಯ್ಕೆ. ಕೊಳೆಬಟ್ಟೆ ಕಳಚಿದಲ್ಲೇ ಯಂತ್ರ ಸೇರುತ್ತದೆ. ಆದರೆ ಸದಾ ತೇವವಿರುವುದರಿಂದ ಯಂತ್ರದ ತಗಡು ತುಕ್ಕು ಹಿಡಿಯುತ್ತದೆ, ವಿದ್ಯುತ್ ಆಘಾತದ ಭಯವೂ ಹೆಚ್ಚು. ಸ್ನಾನದ ಜಾಗವನ್ನು ಅರೆಗೋಡೆ ಅಥವಾ ಗಾಜಿನಿಂದ ಬೇರ್ಪಡಿಸಿ ಒಣಭಾಗದಲ್ಲಿ ಯಂತ್ರವಿಡುವುದು ಕನಿಷ್ಠ ಎಚ್ಚರಿಕೆ.

ತಾರಸಿ: ಒಣಹಾಕಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೆಟ್ಟಿಲಿನ ಮೇಲುಕೋಣೆಯನ್ನು ಸ್ವಲ್ಪ ದೊಡ್ಡದು ಮಾಡಿ ಅಲ್ಲೇ ಯಂತ್ರವಿಟ್ಟರೆ ಒದ್ದೆಬಟ್ಟೆ ಹೊರುವ ದೂರ ಹತ್ತು ಹೆಜ್ಜೆಗೆ ಇಳಿಯುತ್ತದೆ. ಒತ್ತಡದ ಪಂಪು, ಮಳೆಯಿಂದ ರಕ್ಷಣೆ, ನೆಲಕ್ಕೆ ವಾಟರ್‌ಪ್ರೂಫಿಂಗ್ ಇದ್ದರಷ್ಟೇ ಇದು ನಡೆಯುತ್ತದೆ. ಪಾತ್ರೆ ತೊಳೆಯುವ ಸಿಂಕು ಮಾತ್ರ ಅಡುಗೆಮನೆಯ ಬಳಿಯೇ ಉಳಿಯಬೇಕು. ಯುಟಿಲಿಟಿ ಹೀಗೆ ಎರಡಾಗಿ ಒಡೆಯುವುದರಿಂದ ತೊಂದರೆಯಿಲ್ಲ.

ಮೆಟ್ಟಿಲ ಕೆಳಗೆ: ವ್ಯರ್ಥವಾಗುವ ಜಾಗ ಬಳಕೆಗೆ ಬರುತ್ತದೆ. ಫ್ರಂಟ್‌ಲೋಡ್ ಯಂತ್ರ ಸುಮಾರು 85 ಸೆಂಟಿಮೀಟರ್ ಎತ್ತರವಿದ್ದು, ಬಾಗಿಲು ಮುಂದಕ್ಕೆ ತೆರೆಯುವುದರಿಂದ ಇಲ್ಲಿ ಹಿಡಿಸುತ್ತದೆ. ಮುಚ್ಚಳ ಮೇಲಕ್ಕೆ ತೆರೆಯುವ ಟಾಪ್‌ಲೋಡಿಗೆ ತಲೆಯ ಮೇಲೆ ಜಾಗ ಸಾಲದು. ಗಾಳಿ, ಬೆಳಕು ಕಡಿಮೆಯಿರುವುದರಿಂದ ಇಲ್ಲಿ ಒಗೆಯಬಹುದು, ಒಣಹಾಕಲಾಗದು.

ಮಲಗುವ ಕೋಣೆಗಳ ಪಕ್ಕ: ಡ್ಯುಪ್ಲೆಕ್ಸ್ ಮನೆಗಳಲ್ಲಿ ಮೇಲಂತಸ್ತಿನ ಬಾಲ್ಕನಿಗೆ ಹೊಂದಿಕೊಂಡ ಒಗೆತದ ಕೋಣೆ ಬಟ್ಟೆಯ ಸುತ್ತನ್ನೆಲ್ಲ ಒಂದೇ ಮಟ್ಟದಲ್ಲಿ ಮುಗಿಸುತ್ತದೆ. ಇಲ್ಲಿನ ತೊಡಕು ಸದ್ದು. ಹಿಂಡುವಾಗಿನ ಅದುರು ನಾಲ್ಕಂಗುಲದ ಗೋಡೆಯಾಚೆ ಮಲಗಿದವರಿಗೆ ಕೇಳಿಸದೆ ಇರದು. ಯಂತ್ರವನ್ನು ಹಾಸಿಗೆಯ ತಲೆದಿಕ್ಕಿನ ಗೋಡೆಗೆ ಇಡದೆ, ನಡುವೆ ಬಚ್ಚಲೋ ಬೀರುವೋ ಬರುವಂತೆ ನೋಡಿಕೊಳ್ಳಬೇಕು. ಕೊಳವೆ ಕಳಚಿ ನೀರು ಸೋರಿದರೆ ಕೆಳಗಿನ ಚಾವಣಿ ಹಾಳಾಗುವುದರಿಂದ ವಾಟರ್‌ಪ್ರೂಫಿಂಗ್ ಮತ್ತು ನೆಲದ ಟ್ರ್ಯಾಪು ತಪ್ಪಿಸುವಂತಿಲ್ಲ.

ಅಳತೆ ಮತ್ತು ಸುರಕ್ಷೆ

ಯಂತ್ರದ ಅಗಲ ಸುಮಾರು 60 ಸೆಂಟಿಮೀಟರ್, ಹಿಂದಿನ ಕೊಳವೆಗಳನ್ನೂ ಸೇರಿಸಿ ಆಳ ಎರಡರಿಂದ ಎರಡೂವರೆ ಅಡಿ, ಮುಂದೆ ಬಾಗಿಲು ತೆರೆದು ಬಗ್ಗಲು ಇನ್ನೂ ಎರಡೂವರೆ ಅಡಿ. ಈ ಲೆಕ್ಕದಲ್ಲಿ ಐದಡಿ ಅಗಲ ಆರಾಮದಾಯಕ. ನಾಲ್ಕಡಿಯಲ್ಲಿ ಯಂತ್ರವನ್ನು ಉದ್ದದ ಕೊನೆಗೆ ಇಡಬೇಕು. ಕೈಯಲ್ಲಿ ಒಗೆಯುವ ರೂಢಿ ಉಳಿದಿರುವ ಮನೆಯಲ್ಲಿ ನಿಂತು ಕುಸುಬಲು ಎರಡೂವರೆ ಅಡಿ ಎತ್ತರದ ಓರೆಕಲ್ಲು ಬೇಕು. ನೆಲಕ್ಕೆ ಜಾರದ ಟೈಲ್ಸ್, ಗೋಡೆಗೆ ಕನಿಷ್ಠ ನಾಲ್ಕಡಿವರೆಗೆ ಟೈಲ್ಸ್ ಸಾಮಾನ್ಯ.

ಮೇಲಿನ ಅಂತಸ್ತುಗಳಲ್ಲಿ ಯಂತ್ರವನ್ನು ತೆರೆದ ಬದಿಯ ಅರೆಗೋಡೆಗೆ ತಾಗಿಸಿ ಇಡಬಾರದು. ಮಗುವಿಗೆ ಅದು ಮೆಟ್ಟಿಲಾಗುತ್ತದೆ. ಅದರ ಮೇಲೆ ಹತ್ತಿದರೆ ಒಂದು ಮೀಟರಿನ ಗೋಡೆ ಮೊಣಕಾಲಿನ ಕೆಳಗೇ ಉಳಿಯುತ್ತದೆ. ಬೇರೆ ಜಾಗವಿಲ್ಲದಿದ್ದರೆ ಚಾವಣಿಯವರೆಗೆ ಗ್ರಿಲ್ ಹಾಕಿಸಬೇಕು.

ವಾಸ್ತು ಮತ್ತು ಕಾನೂನು

ವಾಸ್ತು ನಂಬುವವರು ಅಡುಗೆಮನೆಯನ್ನು ಆಗ್ನೇಯಕ್ಕೆ, ಒಗೆತದ ಜಾಗವನ್ನು ವಾಯವ್ಯ ಅಥವಾ ಆಗ್ನೇಯಕ್ಕೆ ಇಟ್ಟು, ಈಶಾನ್ಯವನ್ನು ಕೊಳೆ ಮತ್ತು ಭಾರದಿಂದ ಮುಕ್ತವಾಗಿ ಬಿಡುತ್ತಾರೆ. ಆಗ್ನೇಯದ ಅಡುಗೆಮನೆಗೆ ಪೂರ್ವ ಇಲ್ಲವೆ ದಕ್ಷಿಣದ ಬದಿಯಲ್ಲಿ ಯುಟಿಲಿಟಿ ಸೇರಿಸಿದರೆ ನಂಬಿಕೆಯೂ ಬಿಸಿಲಿನ ಲೆಕ್ಕವೂ ಕೂಡಿಬರುತ್ತವೆ. ವಾಯವ್ಯದ ಯುಟಿಲಿಟಿಗೆ ಮುಂಗಾರಿನ ಎರಚಲಿನಿಂದ ಕಾಪು ಬೇಕಾಗುತ್ತದೆ.

ಫ್ಲ್ಯಾಟು ಕೊಳ್ಳುವಾಗ ಯುಟಿಲಿಟಿಯನ್ನು ಯಾವ ಲೆಕ್ಕಕ್ಕೆ ಸೇರಿಸಿದ್ದಾರೆ ಎಂಬುದನ್ನು ನಕ್ಷೆಯಲ್ಲಿ ನೋಡಬೇಕು. 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಾರ್ಪೆಟ್ ವಿಸ್ತೀರ್ಣದಲ್ಲಿ ಹೊರಗೋಡೆಗಳು, ಪೈಪು ಹಾಯುವ ಶಾಫ್ಟುಗಳು, ಆ ಮನೆಗೇ ಮೀಸಲಾದ ಬಾಲ್ಕನಿ, ವರಾಂಡಗಳು ಸೇರುವುದಿಲ್ಲ. ಯುಟಿಲಿಟಿಯನ್ನು ಬಾಲ್ಕನಿ ಎಂದು ತೋರಿಸಿದ್ದರೆ ಅದು ಕಾರ್ಪೆಟ್ ವಿಸ್ತೀರ್ಣದ ಹೊರಗೆ. ಕೋಣೆ ಎಂದು ತೋರಿಸಿದ್ದರೆ ಒಳಗೆ. ಬಾಲ್ಕನಿಯೆಂದು ತೋರಿಸಿದ ಕಡೆ ಅಲ್ಲಿನ ಚರಂಡಿ ಕೊಳವೆ ಒಳಚರಂಡಿಗೆ ಸೇರುತ್ತದೆಯೋ ಮಳೆನೀರಿನ ಕೊಳವೆಗೋ ಎಂಬುದನ್ನೂ ಕೊಳಾಯಿ ನಕ್ಷೆಯಲ್ಲಿ ಪರಿಶೀಲಿಸಬೇಕಾಗುತ್ತದೆ.